ಟೂರಿನವರು ‘ಸ್ನೋ ಗ್ಯಾರಂಟಿ’ ಅನ್ನುತ್ತಾರೆ. ಗ್ಯಾರಂಟಿಗಿಂತ ಜಾಸ್ತಿ ಬಿದ್ದರೆ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರಕ್ಕೆ ಶ್ರೀನಗರ, ಗುಲ್ಮಾರ್ಗ್, ಸೋನಮಾರ್ಗ್ ಬುಕ್ ಮಾಡಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ಜೊತೆಗೆ ಎರಡನೇ ಕ್ಲಾಸಿನ ಮಗ. ಟೂರಿನವರು ಫೋನ್ ಮಾಡಿದಾಗಲೆಲ್ಲ "ಸ್ನೋ ಗ್ಯಾರಂಟಿ ಮೇಡಂ" ಅನ್ನುತ್ತಾರೆ. ಮಗನಿಗೆ ಅದೇ ಖುಷಿ. ಮಾವನವರಿಗೆ ಅದೇ ಹೆದರಿಕೆ. ಯಾರೋ ವಾಟ್ಸಾಪಿನಲ್ಲಿ ಕಾರುಗಳು ಸಾಲಾಗಿ ಹಿಮದಲ್ಲಿ ಹೂತು ನಿಂತ ವೀಡಿಯೊ ಕಳಿಸಿದ್ದಾರೆ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

ನಾವು ಮಳೆ ಕಂಡ ಜನ. 2005ರ ಜುಲೈ 26ರಂದು ಮುಂಬಯಿ ಮುಳುಗಿದಾಗ ನನ್ನ ಯಜಮಾನರು ಘಾಟ್‌ಕೋಪರಿನಿಂದ ಠಾಣೆಯವರೆಗೆ ರೈಲು ಹಳಿಯ ಮೇಲೆ ನಡೆದವರು. ನೀರು ನಿಂತರೆ ಏನಾಗುತ್ತದೆ ಅಂತ ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಆದರೆ ಹಿಮ? ಜೋರಾಗಿ ಬಿದ್ದರೆ ನಿಜವಾಗಿ ಏನೇನು ನಿಲ್ಲುತ್ತದೆ? ಟೂರಿನವರ ಮಾತು ಬೇಡ, ಕಂಡವರು ಯಾರಾದರೂ ಇದ್ದರೆ ಹೇಳಿ.

ಅಂಧೇರಿ ಲೋಕಲ್

ಕ್ಯಾನ್ಸಲ್ ಮಾಡಿ ಮಹಾಬಳೇಶ್ವರಕ್ಕೆ ಹೋಗಿ. ಸ್ಟ್ರಾಬೆರಿ ಸೀಸನ್. ಸ್ವೆಟರೂ ಹಾಕಿಕೊಂಡಂತಾಗುತ್ತದೆ, ಮನೆಗೂ ಬೇಗ ಬರಬಹುದು.

ಪಿಂಪ್ರಿ ಗೇರ್‌ಬಾಕ್ಸ್

ಅಕ್ಕಾ, ಕ್ಯಾನ್ಸಲ್ ಮಾಡುವಷ್ಟೇನಿಲ್ಲ. ಆದರೆ ವೀಡಿಯೊ ಸುಳ್ಳೂ ಇರಲಿಕ್ಕಿಲ್ಲ. ಮನಾಲಿಯದ್ದಿರಬೇಕು. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ಗಾಡಿ ಸಿಕ್ಕಿಬಿದ್ದಿದ್ದವು. ಪೊಲೀಸರು ರಾತ್ರಿಯೆಲ್ಲ ನಿಂತು ಜನರನ್ನು ಇಳಿಸಿದರು.

ಆ ಸುರಂಗದ ಕತೆಯೇ ಮಜಾ ಇದೆ. 9 ಕಿಲೋಮೀಟರ್ ಉದ್ದ, 2020ರ ಅಕ್ಟೋಬರಿನಲ್ಲಿ ತೆರೆಯಿತು. ಅದಕ್ಕೂ ಮೊದಲು ರೋಹ್ತಾಂಗ್ ಕಣಿವೆ ದಾಟಬೇಕಿತ್ತು, ಸುಮಾರು 13,000 ಅಡಿ ಎತ್ತರ. ಚಳಿಗಾಲ ಬಂತೆಂದರೆ ಆಚೆಯ ಲಾಹೌಲಿನ ಜನಕ್ಕೆ ತಿಂಗಳುಗಟ್ಟಲೆ ದಾರಿಯೇ ಇರಲಿಲ್ಲ. ಅವರ ಕಷ್ಟ ತಪ್ಪಲಿ ಅಂತ ಸುರಂಗ ಆಯಿತು. ಈಗ ನಮ್ಮ ಎಂ.ಎಚ್. 12, ಎಂ.ಎಚ್. 14 ನಂಬರಿನ ಗಾಡಿಗಳು ಅದರಲ್ಲಿ ತೂರಿ ಆಚೆ ಸಿಸ್ಸುಗೆ ಹೋಗಿ ಫೋಟೊ ಹೊಡೆದುಕೊಂಡು ಬರುತ್ತವೆ. ಸುರಂಗದೊಳಗೆ ಹಿಮ ಬೀಳುವುದಿಲ್ಲ, ಸರಿ. ಎರಡೂ ತುದಿಯ ರಸ್ತೆ ಮಾತ್ರ ಬಯಲಲ್ಲೇ ಇದೆಯಲ್ಲ! ಮಧ್ಯಾಹ್ನ ಹೋದವರು ಸಂಜೆ ಒಟ್ಟಿಗೆ ವಾಪಸ್ ಹೊರಡುತ್ತಾರೆ. ಅಷ್ಟರಲ್ಲಿ ಬಿದ್ದ ಹಿಮವನ್ನು ಮುಂದಿನ ಟೈರುಗಳು ತುಳಿದು ತುಳಿದು ಗಟ್ಟಿ ಮಾಡಿರುತ್ತವೆ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಸ್ವಂತ ಗಾಡಿ ಒಯ್ಯುವವರಿಗೆ ಇನ್ನೊಂದು ಮಾತು. ಹ್ಯಾಂಡ್‌ಬ್ರೇಕ್ ಹಾಕಿ ರಾತ್ರಿ ನಿಲ್ಲಿಸಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಚಳಿ ತೀರಾ ಜಾಸ್ತಿಯಾದರೆ ನಮ್ಮ ಕಡೆಯ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಕಚ್ಚಿಕೊಳ್ಳುತ್ತದೆ. ಲಡಾಖಿಗೆ ಅಂತಲೇ 2019ರಲ್ಲಿ ಇಂಡಿಯನ್ ಆಯಿಲ್‌ನವರು ಬೇರೆ ಡೀಸೆಲ್ ತಂದರು, ಮೈನಸ್ 33 ಡಿಗ್ರಿಯವರೆಗೂ ಅದು ಹರಿಯುತ್ತದೆ. ನೀವು ಟ್ಯಾಕ್ಸಿಯಲ್ಲಿ ಹೋಗುವವರು, ಇದೆಲ್ಲ ಡ್ರೈವರಿನ ತಲೆನೋವು. ಆದರೂ ಗಾಡಿ ಹೊರಡುವ ಮೊದಲು ಡಿಕ್ಕಿಯಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಟೈರ್ ಚೈನ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಹತ್ತಬೇಡಿ.

ಮಾಟುಂಗಾ ಮೇಷ್ಟ್ರು

ಸ್ವಲ್ಪ ಬುಡದಿಂದ ಹೇಳಲಾ? ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ನಮಗೆ ಮಳೆ ನೈಋತ್ಯದಿಂದ, ಅರಬ್ಬಿ ಸಮುದ್ರದ ಮೇಲಿಂದ ಬರುತ್ತದೆ. ಕಾಶ್ಮೀರದ ಹಿಮ ಪಶ್ಚಿಮದಿಂದ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿದ ವಾಯುಭಾರ ಕುಸಿತಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಹಿಮಾಲಯಕ್ಕೆ ಬಂದು ಬಡಿಯುತ್ತವೆ. ಹವಾಮಾನ ಇಲಾಖೆಯವರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಅನ್ನುವುದು ಇದಕ್ಕೇ. ಬಾಲ ಇಲ್ಲಿಯವರೆಗೂ ಬರುತ್ತದೆ. 2022ರ ಜನವರಿ 23ರಂದು ಮುಂಬಯಿ ಇಡೀ ಧೂಳಿನಲ್ಲಿ ಮುಳುಗಿತ್ತು, ಕಾರಿನ ಮೇಲೆಲ್ಲ ಬಿಳಿ ಪುಡಿ ಕೂತಿತ್ತು, ನೆನಪಿದೆಯಾ? ಅದನ್ನು ಪಾಕಿಸ್ತಾನದ ಕಡೆಯಿಂದ ಹೊತ್ತು ತಂದದ್ದು ಇಂಥದೇ ಒಂದು ವ್ಯವಸ್ಥೆ.

ಈಗ ಮಳೆಗೂ ಹಿಮಕ್ಕೂ ಲೆಕ್ಕ. ಒಂದು ಮಿಲಿಮೀಟರ್ ಮಳೆಯಾಗಬೇಕಾದ ನೀರು ಹಿಮವಾಗಿ ಬಿದ್ದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎತ್ತರ ಕೂರುತ್ತದೆ. ಆ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944 ಮಿಮೀ. ಹಿಮದ ಲೆಕ್ಕದಲ್ಲಿ ಒಂಬತ್ತು ಮೀಟರ್ ದಾಟಿತು, ಮೂರನೇ ಮಹಡಿಯ ಕಿಟಕಿಯವರೆಗೆ. ತಣ್ಣನೆ ಗಾಳಿಗೆ ಅಷ್ಟು ತೇವ ಹೊರುವ ಶಕ್ತಿ ಇಲ್ಲ, ಹಾಗಾಗಿ ಒಂದೇ ದಿನ ಅಷ್ಟು ಬೀಳುವುದಿಲ್ಲ. ಆದರೆ ಇಲ್ಲೊಂದು ವಿಷಯ ಇದೆ. 944 ಮಿಮೀ ನೀರು ಎರಡು ದಿನದಲ್ಲಿ ಮಿಠಿ ನದಿ ಹಿಡಿದು ಸಮುದ್ರಕ್ಕೆ ಹೋಯಿತು. ಹಿಮ ಎಲ್ಲಿಗೂ ಹೋಗುವುದಿಲ್ಲ. ಬಿದ್ದಲ್ಲೇ ಕೂರುತ್ತದೆ. ತಂತಿಯ ಮೇಲೆ, ಸೂರಿನ ಮೇಲೆ, ಮರದ ಕೊಂಬೆಯ ಮೇಲೆ, ರಸ್ತೆಯ ಮೇಲೆ. ಅದರ ಮೇಲೆ ಇನ್ನೊಂದು ಪದರ. ಒಂದು ಚದರ ಮೀಟರ್ ತಗಡಿನ ಮೇಲೆ ಒಂದಡಿ ಒದ್ದೆ ಹಿಮ ಕೂತರೆ ಒಬ್ಬ ದೊಡ್ಡ ಮನುಷ್ಯ ಹತ್ತಿ ನಿಂತಷ್ಟು ಭಾರ. ಅಲ್ಲಿನ ಮನೆಗಳ ಸೂರು ಅಷ್ಟು ಇಳಿಜಾರು ಇರುವುದು ಸುಮ್ನೆ ಅಲ್ಲ.

ಅಂಧೇರಿ ಲೋಕಲ್

ಮೇಷ್ಟ್ರೇ, ಕ್ಲಾಸ್ ಚೆನ್ನಾಗಿತ್ತು. ಆದರೆ ಅಲ್ಲಿನವರಿಗೆ ಇದೆಲ್ಲ ಅಭ್ಯಾಸ ಆಗಿರುತ್ತದೆ ಅಲ್ವಾ? ನಮಗೆ ಮೊಣಕಾಲು ನೀರಿನಲ್ಲಿ ಆಫೀಸಿಗೆ ಹೋಗುವುದು ಅಭ್ಯಾಸ ಆದ ಹಾಗೆ. ತೊಂದರೆ ಬರುವುದು ಹೊಸಬರಿಗೆ ಮಾತ್ರ.

ಠಾಣೆ ಡಾಕ್ಟರಮ್ಮ

ಅಭ್ಯಾಸದ ಚರ್ಚೆ ಆಮೇಲೆ ಮಾಡಿ. ಡೊಂಬಿವಲಿಯವರೇ, ಮೊದಲು ಇದನ್ನು ಮನೆಯವರಿಗೆಲ್ಲ ಓದಿ ಹೇಳಿ.

2022ರ ಜನವರಿ 7ರ ರಾತ್ರಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದಲ್ಲಿ ಹಿಮ ನೋಡಲು ಬಂದ ಸಾವಿರಾರು ಕಾರುಗಳು ರಸ್ತೆಯಲ್ಲೇ ಸಿಕ್ಕಿಕೊಂಡವು. ಬೆಳಗಾಗುವಾಗ ಕಾರುಗಳಲ್ಲೇ ಕನಿಷ್ಠ 22 ಜನ ಸತ್ತಿದ್ದರು, ಮಕ್ಕಳೂ ಸೇರಿ. ಚಳಿಗೆ ಸತ್ತರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಲವರನ್ನು ಕೊಂದದ್ದು ಕಾರ್ಬನ್ ಮೊನಾಕ್ಸೈಡ್. ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟು ಗಾಜು ಏರಿಸಿ ಮಲಗುತ್ತಾರೆ. ಹೊರಗೆ ಹಿಮ ಏರಿ ಸೈಲೆನ್ಸರಿನ ಬಾಯಿ ಮುಚ್ಚುತ್ತದೆ. ಹೊಗೆ ಹೊರಗೆ ಹೋಗಲಾರದೆ ಕಾರಿನ ಅಡಿಯಿಂದ ಒಳಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟು ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ಮಂಪರು. ಸುಸ್ತಾಗಿದೆ, ನಿದ್ದೆ ಬರುತ್ತಿದೆ ಅಂತ ಅಂದುಕೊಳ್ಳುತ್ತಾರೆ. ಏಳುವುದಿಲ್ಲ.

ಪುಣೆ, ಮುಂಬಯಿಯವರಿಗೆ ಇದು ಹೊಸದೇನಲ್ಲ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಪ್ರಾಣ ಕಳೆದುಕೊಂಡವರ ಸುದ್ದಿ ಪ್ರತಿ ಚಳಿಗಾಲ ಓದುತ್ತೇವಲ್ಲ, ಅದೇ ವಿಷ. ಜುಲೈ 26ರಂದೂ ಕಾರಿನಲ್ಲಿ ಗಾಜು ಏರಿಸಿ ಕೂತು ಉಸಿರುಗಟ್ಟಿ ಸತ್ತವರಿದ್ದರು.

ಸಿಕ್ಕಿಕೊಂಡರೆ ಹೀಗೆ ಮಾಡಿ. ಸೈಲೆನ್ಸರಿನ ಸುತ್ತ ಹಿಮ ಕೈಯಿಂದಲಾದರೂ ತೆಗೆಯುತ್ತಿರಿ. ಎಂಜಿನ್ ಗಂಟೆಗೆ ಹತ್ತು ನಿಮಿಷ ಸಾಕು, ಆಗ ಗಾಳಿ ಬೀಸದ ಕಡೆಯ ಗಾಜು ಎರಡು ಬೆರಳು ಇಳಿಸಿರಿ. ಕಾರು ಬಿಟ್ಟು ಕತ್ತಲಲ್ಲಿ ನಡೆಯಬೇಡಿ. ಹೋಟೆಲಿನಲ್ಲಿ ಕಾಂಗ್ಡಿ, ಅಂದರೆ ಮೈ ಕಾಯಿಸುವ ಕೆಂಡದ ಮಡಕೆ, ಕೊಟ್ಟರೆ ಅದನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ, ಕೆಂಡ ಅಂದರೆ ಕೆಂಡವೇ. ಇನ್ನು ಬ್ರಾಂಡಿ. ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳ ಅಗಲವಾಗುವುದರಿಂದ. ಒಳಗಿನ ಶಾಖ ಹೊರಗೆ ಹೋಗುತ್ತದೆ ಅಷ್ಟೆ. ಮಾವನವರಿಗೆ ಬಿ.ಪಿ. ಇದ್ದರೆ ಗುಲ್ಮಾರ್ಗಿನ ಗೊಂಡೋಲಾ (ಕೇಬಲ್ ಕಾರ್) ಮೊದಲ ಹಂತಕ್ಕೇ ಸಾಕು. ಎರಡನೆಯದು ಸುಮಾರು 13,000 ಅಡಿಗೆ ಒಯ್ಯುತ್ತದೆ.

ಡೊಂಬಿವಲಿ ಸೊಸೆ

ಬಿ.ಪಿ. ಇದೆ. ಇದನ್ನು ಜೋರಾಗಿ ಓದಿದೆ. ಬ್ರಾಂಡಿ ಸಾಲು ಬಂದಾಗ ಮಾವನವರು ಎದ್ದು ಹೊರಗೆ ಹೋದರು.

ಪಿಂಪ್ರಿ ಗೇರ್‌ಬಾಕ್ಸ್

😀 ಅಂಧೇರಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆದದ್ದು ಅದೇ. ನಮ್ಮ ಕಂಪನಿಯವರು ಕೆಲವರು ಅಲ್ಲಿದ್ದರು. ಅದು ಸೆಕೆಯ ಊರು. ಗ್ಯಾಸ್ ಬಾವಿ, ಪೈಪ್, ವಿದ್ಯುತ್ ಸ್ಥಾವರ ಯಾವುದಕ್ಕೂ ಚಳಿಯ ಹೊದಿಕೆ ಇರಲಿಲ್ಲ. ಎಲ್ಲ ಒಟ್ಟಿಗೆ ಹೆಪ್ಪುಗಟ್ಟಿತು. 40 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕರೆಂಟ್ ಹೋಯಿತು. ಸರ್ಕಾರದ ಲೆಕ್ಕದಲ್ಲೇ 246 ಸಾವು. ಹಿಮ ಅಷ್ಟೇನೂ ಬಿದ್ದಿರಲಿಲ್ಲ, ಉತ್ತರದ ರಾಜ್ಯದವರು ನಗುವಷ್ಟು. ಡಾಕ್ಟರಮ್ಮ ಹೇಳಿದ ವಿಷಾನಿಲ ಅಲ್ಲೂ ಕಾಡಿತು. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಮೈ ಕಾಯಿಸಿಕೊಳ್ಳಲು ಹೋದರು.

ಅಂಧೇರಿ ಲೋಕಲ್

ಅಲ್ಲಿಗೆ ನಾನು ಹೇಳಿದ್ದೇ ಆಯಿತು. ಅಭ್ಯಾಸ ಇದ್ದ ಊರಿಗೆ ಏನೂ ಆಗುವುದಿಲ್ಲ.

ಕೋಥ್ರೂಡ್ ಅಜ್ಜಿ

ತಮ್ಮಾ ಅಂಧೇರಿ, ಒಂದು ನಿಮಿಷ ನಿಲ್ಲು. ನಾನು 2022ರ ಡಿಸೆಂಬರಿನಲ್ಲಿ ಬಫಲೋದಲ್ಲಿದ್ದೆ, ಮಗಳ ಬಾಣಂತನಕ್ಕೆ. ನ್ಯೂಯಾರ್ಕ್ ರಾಜ್ಯದ್ದೇ, ಆದರೆ ದೊಡ್ಡ ನ್ಯೂಯಾರ್ಕಿನಿಂದ ದೂರ, ಈರಿ ಸರೋವರದ ದಂಡೆ. ಅಮೆರಿಕದಲ್ಲಿ ಹಿಮಕ್ಕೆ ಹೆಸರಾದ ಊರು ಯಾವುದು ಅಂತ ಕೇಳಿದರೆ ಮೊದಲು ಬರುವ ಹೆಸರು ಅದು. ಸರೋವರದ ನೀರು ಇನ್ನೂ ಹೆಪ್ಪುಗಟ್ಟದೆ ಸ್ವಲ್ಪ ಬೆಚ್ಚಗಿರುತ್ತದೆ. ಅದರ ಮೇಲೆ ಕೊರೆಯುವ ಗಾಳಿ ಹಾಯ್ದು ಬಂದು, ತೇವ ಎತ್ತಿಕೊಂಡು ಊರ ಮೇಲೆ ಸುರಿಯುತ್ತದೆ. ಪ್ರತಿ ವರ್ಷದ ಪಾಡು. ಅಳಿಯಂದಿರ ಗ್ಯಾರೇಜಿನಲ್ಲಿ ಹಿಮ ತೆಗೆಯುವ ಮೆಷಿನ್ನೇ ಇದೆ. ಅಷ್ಟು ಅಭ್ಯಾಸ.

ಆ ಸಲ ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಶುಕ್ರವಾರ ಬೆಳಿಗ್ಗೆ ಶುರುವಾಯಿತು. ರಸ್ತೆಗೆ ಗಾಡಿ ತರಬೇಡಿ ಅಂತ ಆದೇಶ ಬಂದದ್ದೂ ಅವತ್ತೇ ಬೆಳಿಗ್ಗೆ. ಅಷ್ಟರಲ್ಲಿ ಕೂಲಿಯವರು, ಅಂಗಡಿ ಕೆಲಸದವರು ಮನೆ ಬಿಟ್ಟಾಗಿತ್ತು. ಹಿಮಕ್ಕಿಂತ ಗಾಳಿ ನನಗೆ ಹೆದರಿಕೆ ಹುಟ್ಟಿಸಿತು. ಕಿಟಕಿಯಿಂದ ಎದುರು ಮನೆ ಕಾಣುವುದಿಲ್ಲ. ಎದುರು ಮನೆ ಎಂದರೆ ಇಲ್ಲಿಂದ ನಮ್ಮ ಸೊಸೈಟಿಯ ಗೇಟಿನಷ್ಟು ದೂರ. ಬಾಗಿಲು ತೆಗೆದರೆ ಹೊರಗೆ ಬಿಳಿ ಗೋಡೆ, ಅದರ ಮೇಲೆ ಬಾಗಿಲಿನ ಅಚ್ಚು ಒತ್ತಿತ್ತು. ಹಿಡಿಕೆಯ ಗುರುತು ಕೂಡ!

ಕರೆಂಟ್ ಹೋಯಿತು. ಅವರ ಮನೆ ಬೆಚ್ಚಗಿಡುವ ಯಂತ್ರ ಗ್ಯಾಸಿನದ್ದು, ಆದರೆ ಗಾಳಿ ಊದಲು ಕರೆಂಟ್ ಬೇಕು. ಹಾಗಾಗಿ ಗ್ಯಾಸಿದ್ದೂ ಮನೆ ತಣ್ಣಗಾಯಿತು. ಹಸುಗೂಸು, ಹಸಿ ಬಾಣಂತಿ. ನಾನು ಧಾರವಾಡದವಳು, ಬಾಣಂತಿ ಕೋಣೆಗೆ ಗಾಳಿ ಹೋಗಬಾರದು ಅಂತ ಬೆಳೆದವಳು. ಇಲ್ಲಿ ಅಡಿಗೆಮನೆಯ ಒಲೆ ಹಚ್ಚಿ ನೀರು ಕಾಯಿಸೋಣ ಅಂದರೆ ಅಳಿಯಂದಿರು ಕಿಟಕಿ ತೆಗೆದೇ ಹಚ್ಚಿ ಅನ್ನುತ್ತಾರೆ. ಆಗ ಸಿಟ್ಟು ಬಂದಿತ್ತು. ಡಾಕ್ಟರಮ್ಮ ಹೇಳಿದ ಕಾರಣವೇ ಅದು. ಅವರು ಮಾಡಿದ ಇನ್ನೊಂದು ಕೆಲಸ ಹೇಳುತ್ತೇನೆ. ಗೋಡೆಯ ಪಕ್ಕದಲ್ಲಿ ಆ ಯಂತ್ರದ ಹೊಗೆ ಹೋಗುವ ಕೊಳವೆ ಇರುತ್ತದೆ. ಕರೆಂಟ್ ಬಂದು ಹೋಗಿ ಮಾಡುತ್ತಿದ್ದಾಗೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗಿ ಅದರ ಬಾಯಿಯ ಹಿಮ ಬಿಡಿಸಿ ಬರುತ್ತಿದ್ದರು. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಹತ್ತು ಹೆಜ್ಜೆ ದೂರಕ್ಕೆ ಹಗ್ಗ ಯಾಕೆ ಅಂತ ಕೇಳಬೇಡಿ, ಆ ಗಾಳಿಯಲ್ಲಿ ಹತ್ತು ಹೆಜ್ಜೆಗೇ ಮನೆ ಕಳೆದುಹೋಗುತ್ತದೆ.

ಊರಿಂದ ಒಯ್ದ ಅಂಟಿನುಂಡಿ, ಕೊಬ್ಬರಿ, ಮೆಂತ್ಯ ಇದ್ದವು, ಬಾಣಂತಿಗೆ ಊಟದ ಚಿಂತೆ ಆಗಲಿಲ್ಲ. ಪಕ್ಕದ ಮನೆಯ ಪೋಲಿಷ್ ಮುದುಕನಿಗೂ ಉಂಡಿ ಕೊಟ್ಟೆವು. ಅವನು ಕಾಫಿಯಲ್ಲಿ ಅದ್ದಿ ತಿಂದ, ಇರಲಿ.

ಆಂಬುಲೆನ್ಸ್ ಬರಲಿಲ್ಲ, ಅಗ್ನಿಶಾಮಕ ಗಾಡಿಗಳೇ ಹೂತು ನಿಂತವು. ಹಿಮ ತೆಗೆಯುವ ಗಾಡಿಯನ್ನು ತೆಗೆಯಲು ಇನ್ನೊಂದು ಗಾಡಿ. ವಿಮಾನ ನಿಲ್ದಾಣದಲ್ಲಿ ಅಳೆದದ್ದು ನಾಲ್ಕು ಅಡಿಗಿಂತ ಜಾಸ್ತಿ. ಆ ಕೌಂಟಿಯೊಂದರಲ್ಲೇ 47 ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬಿಸಿ ಇಲ್ಲದ ಮನೆಯಲ್ಲಿ. ಹಿಮ ತೆಗೆಯಲು ಹೋಗಿ ಎದೆ ಹಿಡಿದುಕೊಂಡು ಹೋದವರೂ ಇದ್ದರು. ಅಮೆರಿಕದಲ್ಲೇ ಅತಿ ಜಾಸ್ತಿ ಅಭ್ಯಾಸ ಇದ್ದ ಊರಪ್ಪ ಅದು.

ಅಂಧೇರಿ ಲೋಕಲ್

ಅಜ್ಜೀ, ನಮಸ್ಕಾರ. ಹಗ್ಗದ ವಿಷಯ ಓದಿ ಸುಮ್ಮನಾದೆ. ಆದರೂ ಒಂದು ಕೇಳುತ್ತೇನೆ. ಅಭ್ಯಾಸ ಅಲ್ಲ ಅಂದರೆ ಮತ್ತೇನು?

ಠಾಣೆ ಡಾಕ್ಟರಮ್ಮ

ಅಜ್ಜಿಯವರ ಪೋಸ್ಟಿನಲ್ಲೇ ಇದೆಯಲ್ಲ. ಮನೆಯಲ್ಲಿ ಉಂಡಿ ಇತ್ತು, ಹಗ್ಗ ಹಿಡಿಯಲು ಒಬ್ಬರಿದ್ದರು, ಮನೆ ಬಿಟ್ಟು ಹೋಗಬೇಕಾದ ಕೆಲಸ ಇರಲಿಲ್ಲ. ಶುಕ್ರವಾರ ಅಂಗಡಿ ತೆರೆಯಲೇಬೇಕಾದವರಿಗೆ ಇದ್ಯಾವುದೂ ಇರಲಿಲ್ಲ. ಅವರಿಗೇನು ಹಿಮದ ಅಭ್ಯಾಸ ಕಡಿಮೆಯೇ?

ಮಡಗಾಂವ್ ಮೀನುಸಾರು

ನಮ್ಮ ಗೋವಾದಲ್ಲಿ 20 ಡಿಗ್ರಿಗೆ ಇಳಿದರೆ ಮಂಕಿಕ್ಯಾಪ್ ಹೊರಬರುತ್ತದೆ. ಓದಿಯೇ ನಡುಕ ಬಂತು. ಮುಂದುವರಿಸಿ.

ವಾಶಿ ಫಲಪೇಟೆ

ನಾನು ವಾಶಿ ಎಪಿಎಂಸಿಯ ಹಣ್ಣಿನ ಮಾರುಕಟ್ಟೆಯಲ್ಲಿ ಗಾಳಾದ, ಅಂದರೆ ಮಳಿಗೆಯ, ಲೆಕ್ಕ ಬರೆಯುವವನು. ಹಿಮ ನಾನು ಕಣ್ಣಿನಿಂದ ಕಂಡಿಲ್ಲ. ಸೇಬಿನ ಪೇಟಿಯಲ್ಲಿ ಕಂಡಿದ್ದೇನೆ. ಕಾಶ್ಮೀರದಲ್ಲಿ ಹಿಮ ಬಿದ್ದರೆ ನಮ್ಮ ಗಾಳಾದಲ್ಲಿ ಎರಡು ದಿನಕ್ಕೆ ಗೊತ್ತಾಗುತ್ತದೆ.

ಸಮಸ್ಯೆ ಹಿಮ ಎಷ್ಟು ಅನ್ನುವುದಷ್ಟೇ ಅಲ್ಲ. ಯಾವಾಗ ಅನ್ನುವುದು. ಡಿಸೆಂಬರ್ 21ರಿಂದ 40 ದಿನ ಅಲ್ಲಿ ‘ಚಿಲ್ಲೈ ಕಲಾನ್’, ಚಳಿಯ ನಡುಭಾಗ. ಆಗ ಬಿದ್ದರೆ ಬೆಳೆಗಾರ ಖುಷಿ. ಮರ ಎಲೆ ಉದುರಿಸಿ ಬರಿ ಕೊಂಬೆಯಾಗಿರುತ್ತದೆ, ಹಿಮ ನಿಲ್ಲುವುದಿಲ್ಲ. ಸೇಬಿಗೆ ಅಷ್ಟು ಚಳಿ ಸಿಗದಿದ್ದರೆ ವಸಂತದಲ್ಲಿ ಹೂ ಸರಿಯಾಗಿ ಬರುವುದಿಲ್ಲ. ನೆಲಕ್ಕೂ ಝೇಲಂಗೂ ನೀರು ಅದರಿಂದಲೇ. ಅದೇ ಹಿಮ ನವೆಂಬರ್ ಮೊದಲ ವಾರ ಬಿದ್ದರೆ ಮಾರಿ. 2018ರ ನವೆಂಬರ್ 3ಕ್ಕೆ ಹಾಗೇ ಬಿತ್ತು. ಮರುವರ್ಷ ನವೆಂಬರ್ 7ಕ್ಕೆ ಮತ್ತೆ. ಮರದಲ್ಲಿ ಎಲೆ ಇನ್ನೂ ಹಸಿರು, ಕೆಲವು ಕಡೆ ಹಣ್ಣೂ ಇತ್ತು. ಮೇಷ್ಟ್ರು ಹೇಳಿದ ಒದ್ದೆ ಹಿಮ. ಒಂದೊಂದು ಎಲೆಯ ಮೇಲೂ ಕೂತು ಕೊಂಬೆ ಸೀಳಿತು, ಎಷ್ಟೋ ಕಡೆ ಬುಡದವರೆಗೆ. ಹಳೆಯ ತಳಿಯ ಸೇಬಿನ ಮರ ಪೂರ್ತಿ ಫಲಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು. ಒಂದು ರಾತ್ರಿಯಲ್ಲಿ ಅಪ್ಪ ನೆಟ್ಟದ್ದು ಹೋಯಿತು ಅಂತ ಶೋಪಿಯಾನಿನ ನಮ್ಮ ಬೇಪಾರಿ ಫೋನಿನಲ್ಲಿ ಅಳುತ್ತಿದ್ದರು. ನಾವು ಇಲ್ಲಿ "ಹಾಗಾದರೆ ಈ ಸಲ ಪೇಟಿ ರೇಟ್ ಎಷ್ಟು" ಅಂತ ಕೇಳುತ್ತಿದ್ದೆವು. ವ್ಯಾಪಾರ ಅಂದರೆ ಹಾಗೇ.

ಎರಡನೆಯದು ರಸ್ತೆ. ಕಣಿವೆಯಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಸೇಬು ಬೆಳೆಯುತ್ತದೆ. ಬಹುಪಾಲು ಹೊರಬರುವುದು ಜಮ್ಮು-ಶ್ರೀನಗರ ಹೆದ್ದಾರಿಯಿಂದ. ಅದು ಮುಚ್ಚಿದರೆ ಟ್ರಕ್ಕಿನಲ್ಲೇ ಹಣ್ಣು ಕೂತಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹಿಮವೂ ಬೇಕಾಗಲಿಲ್ಲ, ಮಳೆಗೆ ಗುಡ್ಡ ಜರಿದು ಸಾವಿರಾರು ಟ್ರಕ್ಕು ನಿಂತವು. ಬಂದ ಪೇಟಿ ಬಿಚ್ಚಿದರೆ ಹುಳಿ ವಾಸನೆ, ನಮ್ಮ ಮಾಥಾಡಿಗಳು, ಅಂದರೆ ಹಮಾಲರು, ಮೂಗು ಮುಚ್ಚಿ ಇಳಿಸಿದರು. ಆಗಲೇ ಬಡಗಾಮಿನಿಂದ ದೆಹಲಿಯ ಆದರ್ಶನಗರಕ್ಕೆ ಸೇಬಿನ ಪಾರ್ಸೆಲ್ ರೈಲು ಶುರುವಾದದ್ದು.

ಇನ್ನೊಂದು. ‘ಸ್ನೋ ಗ್ಯಾರಂಟಿ’ ಅಂತೆ! 2024ರ ಜನವರಿಯಲ್ಲಿ ಗುಲ್ಮಾರ್ಗಿನಲ್ಲಿ ಹುಲ್ಲು ಕಾಣುತ್ತಿತ್ತು. ಕುದುರೆಯವರು, ಸ್ಲೆಜ್ ಎಳೆಯುವವರು ಕೈಕಟ್ಟಿ ಕೂತಿದ್ದರು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನೇ ಹಿಮ ಸಾಲದೆ ಮುಂದೂಡಿದರು. ಬಿದ್ದರೂ ಕಷ್ಟ, ಬೀಳದಿದ್ದರೂ ಕಷ್ಟ. ಗ್ಯಾರಂಟಿ ಕೊಡುವವನು ಇಂದ್ರನ ಕಡೆಯವನಿರಬೇಕು.

ವಾಸ್ಕೋ ಫೌಜಿ

ಈಗ ನಾನು ಬರೆಯುತ್ತೇನೆ. ಸೇನೆಯಲ್ಲಿದ್ದೆ, ಕಣಿವೆಯಲ್ಲೂ ಅದರಾಚೆಯೂ ಚಳಿಗಾಲ ಕಳೆದಿದ್ದೇನೆ. ಈಗ ವಾಸ್ಕೋದಲ್ಲಿ ಸಂಸಾರ.

ಅಂಧೇರಿ ತಮ್ಮಾ, ಅಭ್ಯಾಸದ ಪ್ರಶ್ನೆಗೆ ಹೇಳುತ್ತೇನೆ. ಹಳ್ಳಿಯವರು ಬೇಸಿಗೆಯಲ್ಲೇ ಬದನೆ, ಟೊಮೆಟೊ, ಸೋರೆ ಒಣಗಿಸಿ ಕಟ್ಟಿಡುತ್ತಾರೆ. ಸೌದೆ ಅಳೆದು ಒಟ್ಟುತ್ತಾರೆ. ದನಕ್ಕೆ ಹುಲ್ಲು. ಹಿಮ ಬಿದ್ದರೆ ಸಿಕ್ಕಿಕೊಳ್ಳುತ್ತೇವೆ ಅಂತ ಮೊದಲೇ ಒಪ್ಪಿಕೊಂಡಿರುತ್ತಾರೆ. ನಮ್ಮ ಟೂರಿಸ್ಟ್ ಸಂಜೆ ಆರಕ್ಕೆ ಹೋಟೆಲಿಗೆ, ಭಾನುವಾರ ವಿಮಾನಕ್ಕೆ, ಸೋಮವಾರ ಆಫೀಸಿಗೆ ಅಂತ ಲೆಕ್ಕ ಹಾಕಿರುತ್ತಾನೆ. ಅಪಾಯ ಆ ಲೆಕ್ಕದಲ್ಲಿದೆ. ದಾರಿ ಮುಚ್ಚಿದೆ ಅಂದರೂ ಡ್ರೈವರಿಗೆ ಐನೂರು ಜಾಸ್ತಿ ಕೊಡುತ್ತೇನೆ, ನಡಿ ಅನ್ನುತ್ತಾನೆ. ಡ್ರೈವರಿಗೂ ಮನೆ ಇದೆ, ಸಾಲ ಇದೆ. ನಡಿ ಅಂದರೆ ನಡೆಯುತ್ತಾನೆ.

ಹಾಗಂತ ಸಿದ್ಧತೆ ಎಲ್ಲವನ್ನೂ ತಡೆಯುತ್ತದೆ ಅಂತಲ್ಲ. 2005ರ ಫೆಬ್ರುವರಿಯಲ್ಲಿ, ಅಂದರೆ ನಿಮ್ಮ ಮುಂಬಯಿ ಮುಳುಗಿದ ವರ್ಷವೇ, ಕುಲ್ಗಾಮ್ ಕಡೆಯ ವಾಲ್ಟೆಂಗು ನಾಡ್ ಎಂಬ ಹಳ್ಳಿಯ ಮೇಲೆ ಗುಡ್ಡದ ಹಿಮ ಜಾರಿ ಬಂತು. ದಿನಗಟ್ಟಲೆ ಬಿದ್ದು ಕೂತಿದ್ದ ಹಿಮ. 150ಕ್ಕೂ ಹೆಚ್ಚು ಜನ ಹೋದರು. ಅವರೆಲ್ಲ ಹಿಮದಲ್ಲೇ ಹುಟ್ಟಿ ಬೆಳೆದವರು.

ನಮ್ಮ ಊರ ಕಡೆಯವರ ಹೆಸರು ಹೇಳದೆ ಮುಂದೆ ಹೋಗಲಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನ ಆದ ಮೇಲೆ ಅಗೆದಾಗ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಬಗ್ಗೆ ಇಷ್ಟೇ ಬರೆಯುತ್ತೇನೆ.

ತಂಗೀ, ಈಗ ನಿಮ್ಮ ಟೂರು. ಟಂಗಮಾರ್ಗಿನಿಂದ ಗುಲ್ಮಾರ್ಗಿಗೆ 13 ಕಿಲೋಮೀಟರ್. ಜೋರು ಹಿಮ ಬಿದ್ದರೆ ನಿಮ್ಮ ಟ್ಯಾಕ್ಸಿಯನ್ನು ಟಂಗಮಾರ್ಗಿನಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಚೈನ್ ಕಟ್ಟಿದ ಸ್ಥಳೀಯ ಗಾಡಿ. ದುಡ್ಡು ಕೀಳುತ್ತಾರೆ ಅಂತ ಜಗಳ ಮಾಡಬೇಡಿ, ಕೊಡಿ. ಸೋನಮಾರ್ಗಿಗೆ 2025ರ ಜನವರಿಯಲ್ಲಿ ಆರೂವರೆ ಕಿಲೋಮೀಟರಿನ ಸುರಂಗ ಆಗಿದೆ, ಮೊದಲು ಚಳಿಗಾಲದಲ್ಲಿ ಆ ಊರೇ ಖಾಲಿಯಾಗುತ್ತಿತ್ತು. ಆದರೆ ಅದನ್ನು ಕೊನೆಯ ದಿನಕ್ಕೆ ಇಡಬೇಡಿ. ಕೊನೆಯ ಎರಡು ದಿನ ಶ್ರೀನಗರದಲ್ಲೇ ಇರಿ.

ಡೊಂಬಿವಲಿ ಸೊಸೆ

ಫೌಜಿ ಅಣ್ಣಾ, ಅಜ್ಜಿ, ಡಾಕ್ಟರಮ್ಮ, ಮೇಷ್ಟ್ರು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇಡೀ ಮನೆ ಕೂತು ಓದಿದೆವು. ಟೂರಿನವರಿಗೆ ಫೋನ್ ಮಾಡಿ ಕಾರ್ಯಕ್ರಮ ತಿರುಗಿಸಿದೆ. ಗುಲ್ಮಾರ್ಗ್ ಮೊದಲು, ಆಮೇಲೆ ಸೋನಮಾರ್ಗ್, ಕೊನೆಗೆ ಶ್ರೀನಗರ. ಯಜಮಾನರು ಆಫೀಸಿನಲ್ಲಿ ಎರಡು ದಿನ ರಜೆ ಜಾಸ್ತಿ ಕೇಳಿದ್ದಾರೆ. ಟೂರಿನವರಿಗೆ ಇಷ್ಟ ಆಗಲಿಲ್ಲ, ಹೋಟೆಲ್ ದುಡ್ಡು ಜಾಸ್ತಿ ಆಗುತ್ತದೆ ಅಂದರು. ಆಗಲಿ.

ವಿಮಾನ ರದ್ದಾದರೆ ರೈಲಿನಲ್ಲಿ ಬರಬಹುದಾ? ಮಾವನವರ ಪ್ರಶ್ನೆ. ಅವರು ಸೆಂಟ್ರಲ್ ರೈಲ್ವೆಯಲ್ಲಿದ್ದು ನಿವೃತ್ತರಾದವರು, ವಿಮಾನಕ್ಕಿಂತ ಅದನ್ನೇ ನಂಬುತ್ತಾರೆ.

ಮಾಟುಂಗಾ ಮೇಷ್ಟ್ರು

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. 2025ರ ಜೂನ್‌ನಿಂದ ಶ್ರೀನಗರದಿಂದ ಕಟ್ರಾಕ್ಕೆ ವಂದೇ ಭಾರತ್ ಇದೆ. 359 ಮೀಟರ್ ಎತ್ತರದ ಚಿನಾಬ್ ಸೇತುವೆ ದಾಟಿಯೇ ಬರುತ್ತದೆ. ಆ ಗಾಡಿಯ ಮುಂದಿನ ಗಾಜಿಗೆ, ನೀರಿನ ಟ್ಯಾಂಕಿಗೆಲ್ಲ ಹೆಪ್ಪುಗಟ್ಟದ ಹಾಗೆ ಬಿಸಿ ಮಾಡುವ ವ್ಯವಸ್ಥೆ ಇದೆ. ದಾರಿಯ ದೊಡ್ಡ ಪಾಲು ಸುರಂಗ, ಪೀರ್ ಪಂಜಾಲಿನದ್ದೇ 11 ಕಿಲೋಮೀಟರ್. ರಸ್ತೆ ಮುಚ್ಚಿದಾಗಲೂ ರೈಲು ಓಡುವ ಸಂಭವ ಜಾಸ್ತಿ. ಕಟ್ರಾದಿಂದ ಬಾಂದ್ರಾ ಟರ್ಮಿನಸ್‌ಗೆ ಸ್ವರಾಜ್ ಎಕ್ಸ್‌ಪ್ರೆಸ್. ಆದರೆ ವಿಮಾನ ರದ್ದಾದ ದಿನ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಸೀಟು ಸಿಗುವುದು ಕಷ್ಟ. ಇನ್ನೊಂದು ಟಿಕೆಟಿನ ದುಡ್ಡು ಹೋದರೂ ಪರವಾಗಿಲ್ಲ ಅಂದರೆ ಈಗಲೇ ಕಾಯ್ದಿರಿಸಿ.

ಠಾಣೆ ಡಾಕ್ಟರಮ್ಮ

ಮಾವನವರ ಮಾತ್ರೆ ಒಂದು ವಾರಕ್ಕೆ ಹೆಚ್ಚುವರಿ ಇಟ್ಟುಕೊಳ್ಳಿ. ಲಗೇಜಿನಲ್ಲಿ ಹಾಕಬೇಡಿ, ಕೈಚೀಲದಲ್ಲಿ.

ಅಂಧೇರಿ ಲೋಕಲ್

ಚಕ್ಕಲಿ, ಕೋಡುಬಳೆ ಡಬ್ಬಿಯನ್ನೂ ಕೈಚೀಲದಲ್ಲೇ. ಇದು ನನ್ನ ವೈದ್ಯಕೀಯ ಸಲಹೆ.

ಪಿಂಪ್ರಿ ಗೇರ್‌ಬಾಕ್ಸ್

ಅಕ್ಕಾ, ಪ್ರೀಪೇಯ್ಡ್ ಸಿಮ್ ಇದ್ದರೆ ಕಾಶ್ಮೀರದಲ್ಲಿ ನಡೆಯುವುದಿಲ್ಲ. ಹೊರರಾಜ್ಯದ್ದಾದರೆ ಪೋಸ್ಟ್‌ಪೇಯ್ಡ್ ಬೇಕು. ಮನೆಯಲ್ಲಿ ಒಬ್ಬರದಾದರೂ ಇರಲಿ. ಫೌಜಿ ಸಾಹೇಬರೇ, ಬೂಟು ಇಲ್ಲಿಂದ ಕೊಂಡು ಒಯ್ಯಬೇಕಾ, ಅಲ್ಲಿ ಬಾಡಿಗೆಗೆ ಸಿಗುವುದು ಸಾಕಾ?

ವಾಸ್ಕೋ ಫೌಜಿ

ಟಂಗಮಾರ್ಗಿನಲ್ಲಿ ಬಾಡಿಗೆಗೆ ಗಮ್‌ಬೂಟು, ಕೋಟು ಸಿಗುತ್ತವೆ, ಸಾಕು. ಬೂಟು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಬಿಗಿ ಬೂಟಿನಲ್ಲಿ ಬೆರಳಿಗೆ ರಕ್ತ ಓಡುವುದಿಲ್ಲ. ಕಾಲುಚೀಲ ಮಾತ್ರ ಇಲ್ಲಿಂದಲೇ ಒಯ್ಯಿರಿ, ಉಣ್ಣೆಯದು, ಮಗನಿಗೆ ನಾಲ್ಕು ಜೊತೆ ಜಾಸ್ತಿ. ಒದ್ದೆಯಾದ ತಕ್ಷಣ ಬದಲಿಸಿ. ಅವನು ಬೇಡ ಅನ್ನುತ್ತಾನೆ, ಆದರೂ ಬದಲಿಸಿ.